ಮುಯ್ಯಿ

ಕೂಡ್ಲಿಗಿಯಿಂದ ಹೊರಡುವ ಯಾವ ದಾರಿಯಲ್ಲಾದರೂ ಬೆಳಗಿನ ಐದು ಗಂಟೆಗೆ ನಿಂತು ನೋಡಿದರೆ ಓಡುವವರು ಕಣ್ಣಿಗೆ ಬೀಳುತ್ತಾರೆ. ಕೊಟ್ಟೂರಿನಲ್ಲಿಯೂ ಅಷ್ಟೆ, ಹಗರಿಬೊಮ್ಮನಹಳ್ಳಿಯಲ್ಲಿಯೂ ಅಷ್ಟೆ. ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ ಮೊಗ್ಗು ಬಿಡಿಸುವವರು ತೋಟಕ್ಕೆ ಹೊರಡುವ ಹೊತ್ತಿಗೆ, ಹರಪನಹಳ್ಳಿಯಲ್ಲಿ ಚಹದಂಗಡಿಯವನು ಒಲೆ ಹೊತ್ತಿಸುವ ಹೊತ್ತಿಗೆ, ಮಬ್ಬುಗತ್ತಲೆಯಲ್ಲಿ ಹೆಜ್ಜೆಗಳ ಸಪ್ಪಳ ಕೇಳುತ್ತದೆ. ಇವರನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಮುಂದೆ ಹಿಡಿಯಬೇಕಾದ ಬಸ್ಸೂ ಇಲ್ಲ. ಆದರೂ ಓಡುತ್ತಾರೆ.

ಇವರಲ್ಲಿ ಹೆಚ್ಚಿನವರು ಪೊಲೀಸ್ ಕೆಲಸಕ್ಕಾಗಿ ಓಡುವವರು. ಕಾನ್‌ಸ್ಟೇಬಲ್ ಆಗಬೇಕೆಂಬ ಗಂಡಸು 1600 ಮೀಟರು ದೂರವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹೆಣ್ಣುಮಗಳು 400 ಮೀಟರನ್ನು ಎರಡು ನಿಮಿಷದೊಳಗೆ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳದ ಹಿಂದೆ ಓಡುವುದು ಆಶ್ಚರ್ಯದ ಸಂಗತಿಯಲ್ಲ. ಅವರ ಓಟಕ್ಕೆ ಕಾರಣ ಸ್ಪಷ್ಟವಾಗಿದೆ, ಗಡಿಯಾರವೂ ಗೊತ್ತಿದೆ.

ಆದರೆ ಅವರ ಹಿಂದೆ ನೂರು ಗಜ ಬಿಟ್ಟು ಒಬ್ಬ ಹುಡುಗ ಓಡಿಬರುತ್ತಾನೆ. ಮೈಮೇಲೆ ಶಾಲೆಯ ಹಳೆಯ ಅಂಗಿ. ಕಾಲಿನಲ್ಲಿ ಏನೂ ಇಲ್ಲ. ಅವನಿಗಿನ್ನೂ ನೌಕರಿಯ ವಯಸ್ಸಲ್ಲ. ಅವನೇಕೆ ಓಡುತ್ತಾನೆ?

ಈ ಹುಡುಗನಿಗೆ ಒಂದು ಹೆಸರು ಕೊಟ್ಟರೆ ಉಳಿದ ಹುಡುಗರಿಗೆ ಅನ್ಯಾಯವಾದೀತು. ಅವನು ಒಬ್ಬನಲ್ಲ, ಈ ಐದು ಊರುಗಳ ಸುತ್ತಣ ಹಳ್ಳಿಗಳಲ್ಲಿ ಓಡಿದ, ಓಡುತ್ತಿರುವ ಎಷ್ಟೋ ಹುಡುಗರು ಸೇರಿ ಆದವನು. ಒಬ್ಬನ ಕಾಲು, ಇನ್ನೊಬ್ಬನ ಹಟ, ಮತ್ತೊಬ್ಬನ ಮನೆಯ ತಾಪತ್ರಯ ಇವೆಲ್ಲ ಕೂಡಿ ಅವನಾಗಿದ್ದಾನೆ. ಅವನು ಕೂಡ್ಲಿಗಿಯ ಕಡೆಯವನೆಂದೂ, ದಿನವೂ ಮೂರು ಮೈಲಿ ನಡೆದು ಪ್ರೌಢಶಾಲೆಗೆ ಬರುವವನೆಂದೂ ತಿಳಿದುಕೊಂಡರೆ ಸಾಕು.

ಶಾಲೆಯ ಕ್ರೀಡಾಕೂಟಗಳಿಗೂ ಏಣಿಯಂತೆ ಮೆಟ್ಟಿಲುಗಳುಂಟು. ಮೊದಲು ವಲಯ, ಆಮೇಲೆ ತಾಲ್ಲೂಕು, ಅದರ ಮೇಲೆ ಜಿಲ್ಲೆ, ವಿಭಾಗ, ಕೊನೆಗೆ ರಾಜ್ಯ. ಹುಡುಗನು ಎಂಟನೆಯ ತರಗತಿಯಲ್ಲಿದ್ದಾಗ ಮೊದಲ ಮೆಟ್ಟಿಲಲ್ಲಿಯೇ ಎಡವಿದನು. 400 ಮೀಟರ್ ಓಟದಲ್ಲಿ ಅವನನ್ನು ಹಿಂದೆ ಹಾಕಿದವನು ಪಟ್ಟಣದ ಶಾಲೆಯ ಹುಡುಗ. ಕಾಲಿಗೆ ಮೊಳೆಬೂಟು ಹಾಕಿಕೊಂಡು ಬಂದಿದ್ದನು. ಸೋತದ್ದು ಅಷ್ಟಾಗಿ ನೋಯಿಸಲಿಲ್ಲ. ಗೆರೆ ದಾಟಿದ ಮೇಲೆ ಆ ಪಟ್ಟಣದ ಹುಡುಗ ತಿರುಗಿ ಇವನ ಧೂಳು ಮೆತ್ತಿದ ಪಾದಗಳನ್ನು ನೋಡಿದನಲ್ಲ, ಆ ನೋಟ ನೋಯಿಸಿತು. ನೋಡಿದವನ ಮನಸ್ಸಿನಲ್ಲಿ ಏನಿತ್ತೋ ಯಾರು ಬಲ್ಲರು? ಸೋತವನ ಕಣ್ಣಿಗೆ ಗೆದ್ದವನ ಮುಖವೆಲ್ಲ ನಗೆಯಾಗಿಯೇ ಕಾಣುತ್ತದೆ. ಹುಡುಗನು ಅಂದು ಮನೆಗೆ ನಡೆದು ಬರುವಾಗ, ಈ ಮುಯ್ಯಿ ತೀರಿಸಿಕೊಳ್ಳದೆ ಬಿಡುವುದಿಲ್ಲವೆಂದು ತನ್ನೊಳಗೇ ಹೇಳಿಕೊಂಡನು.

ಮುಯ್ಯಿ ಎಂಬುದು ವಿಚಿತ್ರವಾದ ಮಾತು. ಹಗೆ ತೀರಿಸಿಕೊಂಡವನೂ ಮುಯ್ಯಿ ತೀರಿಸಿದೆನೆನ್ನುತ್ತಾನೆ. ಮದುವೆಯ ಮನೆಯಲ್ಲಿ ಉಡುಗೊರೆ ಕೊಟ್ಟವನೂ ಮುಯ್ಯಿ ಮಾಡಿದೆನೆನ್ನುತ್ತಾನೆ. ಹೊಡೆತಕ್ಕೆ ಹೊಡೆತವೂ ಮುಯ್ಯಿಯೇ, ಉಪಕಾರಕ್ಕೆ ಉಪಕಾರವೂ ಮುಯ್ಯಿಯೇ. ಎಂಟನೆಯ ತರಗತಿಯ ಹುಡುಗನಿಗೆ ಅದರ ಒಂದು ಅರ್ಥ ಮಾತ್ರ ತಿಳಿದಿತ್ತು. ಆದರೆ ಅವನನ್ನು ಎರಡು ವರ್ಷ ನಸುಕಿನಲ್ಲಿ ಎಬ್ಬಿಸಿ ಓಡಿಸುವುದಕ್ಕೆ ಆ ಒಂದು ಅರ್ಥವೇ ಸಾಕಾಯಿತು. ಪೊಲೀಸ್ ಕೆಲಸದ ಅಣ್ಣಂದಿರ ಹಿಂದೆ ಓಡಿ ಓಡಿ ಉಸಿರಿನ ಹದ ಕಲಿತನು. ಮನೆಯಲ್ಲಿ ಇದರಿಂದ ಆದ ಮೊದಲ ಪರಿಣಾಮವೆಂದರೆ ಅವನಿಗೆ ಎರಡು ರೊಟ್ಟಿ ಹೆಚ್ಚಾಗಿ ಬೇಕಾಯಿತು. “ಓಡಿ ಏನು ತರ್ತೀಯೋ ಗೊತ್ತಿಲ್ಲ, ಹಸಿವಂತೂ ತರ್ತೀ,” ಎಂದು ಅವ್ವ ಗೊಣಗುತ್ತ ಹಿಟ್ಟು ಮಿದಿಯುವಳು. ಗೊಣಗಿದರೂ ರೊಟ್ಟಿ ಕಡಿಮೆಯಾಗಲಿಲ್ಲ.

ಹತ್ತನೆಯ ತರಗತಿಯಲ್ಲಿ ಮುಯ್ಯಿ ತೀರಿತು. ತಾಲ್ಲೂಕು ಕ್ರೀಡಾಕೂಟದ 400 ಮೀಟರಿನಲ್ಲಿ ಹುಡುಗ ಮೊದಲಿಗನಾದನು, ಮೊಳೆಬೂಟಿನವನು ಎರಡನೆಯವನಾದನು. ಗೆರೆ ದಾಟಿ ತಿರುಗಿ ನೋಡಿದಾಗ, ಎರಡು ವರ್ಷ ಕಾದಿಟ್ಟುಕೊಂಡಿದ್ದ ನೋಟವೊಂದನ್ನು ಅವನು ಎದುರಾಳಿಯ ಮೇಲೆ ಬೀರಬೇಕಾಗಿತ್ತು. ಅಷ್ಟರಲ್ಲಿ ಆ ಹುಡುಗನೇ ಏದುಸಿರು ಬಿಡುತ್ತ ಬಂದು, “ಬರಿಗಾಲಲ್ಲಿ ತಿರುವಿನಾಗ ಜಾರಲ್ವೇನೋ ನಿಂಗೆ?” ಎಂದು ಕೇಳಿದನು. ಮಾತಿನಲ್ಲಿ ಕುಹಕವಿರಲಿಲ್ಲ; ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ಹಗೆಯವನಾಗಿ ಇರಬೇಕಾದವನು ಸುಮ್ಮನೆ ಒಬ್ಬ ಹುಡುಗನಾಗಿಬಿಟ್ಟನು. ಆ ಸಂಜೆ ಪದಕ ಕೊರಳಲ್ಲಿದ್ದರೂ ಗೆದ್ದವನಿಗೆ ಏನನ್ನೋ ಕಳೆದುಕೊಂಡಂತಾಗಿತ್ತು. ನಾಳೆ ಬೆಳಿಗ್ಗೆ ಏಳುವುದು ಯಾತಕ್ಕೆ?

ಅದಕ್ಕೆ ಉತ್ತರ ಅವನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಒಂದು ಓಟದಲ್ಲಿತ್ತು. ಅದೇ ಕೂಟದಲ್ಲಿ ಅವನ ಶಾಲೆ ನಾಲ್ಕು ನೂರು ಮೀಟರಿನ ರಿಲೇಯನ್ನೂ ಗೆದ್ದಿತ್ತು. ಗೆದ್ದಿತು ಎನ್ನುವುದಕ್ಕಿಂತ, ಮುಂದಿದ್ದ ತಂಡದವರು ಕೋಲು ಬೀಳಿಸಿಕೊಂಡದ್ದರಿಂದ ಗೆಲುವು ಬಂದು ಇವರ ಮಡಿಲಿಗೆ ಬಿದ್ದಿತ್ತು ಎನ್ನುವುದೇ ಸರಿ. ಜಿಲ್ಲಾ ಕೂಟಕ್ಕೆ ಇನ್ನು ಒಂದು ತಿಂಗಳಿತ್ತು. ಡ್ರಿಲ್ ಮೇಷ್ಟ್ರು ಹುಡುಗನನ್ನು ಕರೆದು, ರಿಲೇ ತಂಡಕ್ಕೆ ನೀನೇ ನಾಯಕ ಎಂದರು. ಹುಡುಗನಿಗೆ ಅದು ಸಂತೋಷದ ಸುದ್ದಿಯಾಗಿ ಕೇಳಿಸಲಿಲ್ಲ. ಒಬ್ಬನೇ ಓಡಿದರೆ ಸೋಲೂ ತನ್ನದು, ಗೆಲುವೂ ತನ್ನದು. ಮೂವರ ಕಾಲನ್ನು ನಂಬಿ ಓಡುವುದೆಂದರೆ ಮೂವರ ಸಾಲಕ್ಕೆ ಜಾಮೀನು ನಿಂತಂತೆ ಎಂಬುದು ಅವನ ಎಣಿಕೆ.

ಡ್ರಿಲ್ ಮೇಷ್ಟ್ರುಗಳ ವಿಷಯವಾಗಿ ಒಂದು ಮಾತು ಹೇಳಬೇಕು. ಗಣಿತದ ಮೇಷ್ಟ್ರಿಗೆ ಪುಸ್ತಕವುಂಟು, ವಿಜ್ಞಾನದ ಮೇಷ್ಟ್ರಿಗೆ ಗಾಜಿನ ಸಾಮಾನುಗಳುಂಟು; ಡ್ರಿಲ್ ಮೇಷ್ಟ್ರಿಗೆ ಒಂದು ಸೀಟಿ, ಒಂದು ಚೀಲ ಸುಣ್ಣ, ಮತ್ತು ಬೇರೆ ಯಾರಾದರೂ ರಜೆ ಹಾಕಿದರೆ ಆ ತರಗತಿಯನ್ನು ನೋಡಿಕೊಳ್ಳುವ ಭಾಗ್ಯ. ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಕಳೆದುಹೋಗುವ ಪೀರಿಯಡ್ಡು ಅವರದೇ. ಆದರೂ ಹಳ್ಳಿಯ ಹುಡುಗನೊಬ್ಬನ ಕಾಲಿನಲ್ಲಿ ಏನಿದೆ ಎಂಬುದನ್ನು ಅವನ ಮನೆಯವರಿಗಿಂತ ಮೊದಲು ಕಂಡುಹಿಡಿಯುವವರು ಅವರೇ.

ಈ ಮೇಷ್ಟ್ರು ಬೇವಿನ ಮರದ ಕೆಳಗೆ ಹುಡುಗರನ್ನು ಕೂಡಿಸಿಕೊಂಡು ಕಥೆ ಹೇಳುತ್ತಿದ್ದರು. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ರೈತರ ಮಕ್ಕಳು ಬರಿಗಾಲಿನಲ್ಲಿ ಮೈಲಿಗಟ್ಟಲೆ ಓಡುವುದನ್ನು ದೊರಾಬ್ಜಿ ಟಾಟಾ ಅವರು ಕಂಡು ಬೆರಗಾದ ಕಥೆ. ಅವರ ಪ್ರಯತ್ನದಿಂದ 1920ರಲ್ಲಿ ಆ್ಯಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದ ಪುಟ್ಟ ತಂಡದ ಕಥೆ. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ಚೌಗುಲೆ, 42 ಕಿಲೋಮೀಟರಿಗಿಂತಲೂ ಹೆಚ್ಚಿನ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದ ಕಥೆ. ಹುಡುಗನಿಗೆ ಈ ಕಥೆ ಇಷ್ಟ. ಏಕೆಂದರೆ ಅದರಲ್ಲಿ ಓಡುವವನು ಒಬ್ಬನೇ.

ಅದನ್ನು ಬಲ್ಲ ಮೇಷ್ಟ್ರು ಈ ಸಲ ಬೇರೊಂದು ಕಥೆ ತೆಗೆದರು. ಕೋಲಾರದಲ್ಲಿ ಹುಟ್ಟಿ, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಓಡಿದ ಕೆನೆತ್ ಪೋವೆಲ್ ಅವರ ಕಥೆ ಅದು. ದೇಶದ ವೇಗದ ಓಟಗಾರರಲ್ಲಿ ಹೆಸರಾಗಿ 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು ಅವರು, ತೀರಿಕೊಂಡದ್ದು 2022ರಲ್ಲಿ. ಅಂಥವರನ್ನೂ ದೊಡ್ಡ ಕೂಟಗಳಲ್ಲಿ ಜನ ನೆನೆಯುವುದು ನಾಲ್ವರಲ್ಲಿ ಒಬ್ಬರೆಂದೇ. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಸೆಮಿಫೈನಲ್ ಮುಟ್ಟಿದ ರಿಲೇ ತಂಡದಲ್ಲಿ ಅವರಿದ್ದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಕಂಚು ಬಂದದ್ದೂ ಆ ಕೋಲಿನ ಓಟದಲ್ಲಿಯೇ.

ಹುಡುಗ ಸುಮ್ಮನಿರಲಿಲ್ಲ. ಅದೇ ಟೋಕಿಯೋದಲ್ಲಿ ಅಮೆರಿಕದ ಬಾಬ್ ಹೇಸ್ ಹಿಂದೆ ಬಿದ್ದಿದ್ದ ತನ್ನ ತಂಡವನ್ನು ಕೊನೆಯ ನೂರು ಮೀಟರಿನಲ್ಲಿ ಗೆಲ್ಲಿಸಿ, 39 ಸೆಕೆಂಡಿನ ಹೊಸ ದಾಖಲೆ ಮಾಡಿಸಿದ ಸಂಗತಿಯನ್ನು ಅವನು ಎಲ್ಲೋ ಓದಿದ್ದನು. “ಕೊನೆಗೆ ಒಬ್ಬನೇ ಅಲ್ವೇನ್ರಿ ಸಾರ್ ಗೆಲ್ಲಿಸಿದ್ದು?” ಎಂದನು.

“ಹೌದಪ್ಪಾ. ಆದರೆ ಉಳಿದ ಮೂವರು ಕೋಲು ತಂದು ಅವನ ಕೈಯಾಗ ಇಡದಿದ್ದರೆ ಅವನು ಬರಿಗೈಲಿ ಓಡಿ ಎಲ್ಲಿಗೆ ಹೋಗಬೇಕಿತ್ತು?” ಎಂದರು ಮೇಷ್ಟ್ರು.

ಈ ಕೋಲಿನ ಓಟದ ಒಳಗುಟ್ಟು ನೋಡುವವರಿಗೆ ಸುಲಭವಾಗಿ ಕಾಣದು. ಕೋಲು ಒಂದಡಿಗಿಂತ ತುಸು ಕಡಿಮೆ ಉದ್ದದ್ದು. ಮಗುವೂ ಎತ್ತಬಹುದಾದಷ್ಟು ಹಗುರ. ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಲು ನೆಲದ ಮೇಲೆ ಎರಡು ಗೆರೆಗಳ ನಡುವೆ ಗೊತ್ತಾದ ಜಾಗವುಂಟು. ಹಿಂದೆ ಅದು 20 ಮೀಟರು, ಈಚಿನ ನಿಯಮದಲ್ಲಿ 30 ಮೀಟರು. ಆ ಜಾಗ ದಾಟಿದ ಮೇಲೆ ಕೋಲು ಕೈಸೇರಿದರೆ ಇಡೀ ತಂಡದ ಓಟ ರದ್ದು. ತೆಗೆದುಕೊಳ್ಳುವವನು ನಿಂತಲ್ಲೇ ಕಾಯುವಂತಿಲ್ಲ. ನಿಂತರೆ ವೇಗ ಸತ್ತಿತು. ಹಿಂದಿನವನು ನೆಲದ ಮೇಲಿನ ಒಂದು ಗುರುತನ್ನು ಮುಟ್ಟಿದೊಡನೆ ಇವನು ಮುಂದಕ್ಕೆ ಮುಖ ಮಾಡಿ ಓಡಲು ತೊಡಗಬೇಕು, ಕರೆ ಬಂದಾಗ ಹಿಂದಕ್ಕೆ ಕೈ ಚಾಚಬೇಕು, ತಿರುಗಿ ನೋಡಬಾರದು. ನೋಡಿದರೆ ಹೊತ್ತು ಹೋಗುತ್ತದೆ. ಕಾಣದ ಕೈಯೊಂದು ತನ್ನ ಕೈಗೆ ಸರಿಯಾದ ಕ್ಷಣದಲ್ಲಿ ಬಂದೀತೆಂದು ನಂಬಿ ಓಡುವುದೇ ಈ ಆಟದ ವಿದ್ಯೆ.

ಆ ಗುರುತನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿಯೇ ನಾಯಕನ ತಂಡ ಮುಗ್ಗರಿಸಿತು. ಕೊನೆಯ ಓಟ ಅವನದು. ಮೂರನೆಯವನು ತಿರುವಿನಲ್ಲಿ ಓಡಿ ಬಂದು ಅವನಿಗೆ ಕೋಲು ಕೊಡಬೇಕು. ಪಾದಕ್ಕೆ ಪಾದ ಜೋಡಿಸಿ ಅಳೆದು ನಾಯಕನು ಇಪ್ಪತ್ತು ಅಡಿ ದೂರಕ್ಕೆ ಗುರುತು ಹಾಕಿಕೊಂಡನು. ಗುರುತು ದೂರವಿದ್ದಷ್ಟೂ ತಾನು ಬೇಗ ಹೊರಡಬಹುದು, ವೇಗ ಹೆಚ್ಚು. ನೋಡುವವರಿಗೂ ಅದು ಚೆಂದ. ಮೂರನೆಯ ಹುಡುಗ ಕೈ ಚಾಚಿ ಚಾಚಿ ಓಡಿದರೂ ನಾಯಕನ ಬೆನ್ನು ಸಿಕ್ಕಲಿಲ್ಲ. ಒಂದು ಸಲ, ಎರಡು ಸಲ, ಐದು ಸಲ. ಪ್ರತಿ ಸಲವೂ ಕೋಲು ಗೆರೆಯ ಆಚೆ ಹೋಯಿತು.

“ಕಾಲಿಗೆ ಏನು ಬೇಡಿ ಹಾಕೀಯೇನಲೇ?” ಎಂದು ನಾಯಕ ಕೂಗಿದನು. ಮೂರನೆಯವನು ಏನೂ ಹೇಳಲಿಲ್ಲ. ಮರುದಿನ ಅಭ್ಯಾಸಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾಲ್ಕನೆಯ ದಿನ ನಾಯಕ ಮೇಷ್ಟ್ರ ಹತ್ತಿರ ಹೋದನು. “ಸಾರ್, ಅವ್ನನ್ನ ತೆಗೆದುಹಾಕ್ರಿ ಸಾರ್. ಬೇರೆ ಯಾರನ್ನಾದ್ರೂ ಹಾಕಿ.”

ಮೇಷ್ಟ್ರು ಸುಣ್ಣದ ಚೀಲದ ಬಾಯಿ ಕಟ್ಟುತ್ತ, “ಅವನ ಹೊಲ ನೋಡೀಯೇನಪ್ಪಾ?” ಎಂದಷ್ಟೇ ಕೇಳಿದರು.

ನೋಡಿರಲಿಲ್ಲ. ಸಂಜೆ ಉಳಿದಿಬ್ಬರನ್ನೂ ಕರೆದುಕೊಂಡು ನೋಡಲು ಹೋದನು. ಕೆಂಪು ಮಸಾರಿ ನೆಲ. ಅದರ ತುಂಬ ಕೀಳಲು ಬಂದ ಶೇಂಗಾ. ಹೊಲದಲ್ಲಿ ಇದ್ದವರು ಇಬ್ಬರೇ: ಮೂರನೆಯ ಹುಡುಗ ಮತ್ತು ಅವನ ಅಪ್ಪ. ಅವ್ವ ಜ್ವರದಿಂದ ಮಲಗಿದ್ದಳು. ಕೂಲಿಯವರನ್ನು ಕರೆದರೆ ಬಂದ ಕಾಯಿ ಕೂಲಿಗೇ ಸರಿಹೋಗುತ್ತದೆ. ಶೇಂಗಾ ಬೆಳೆಗೆ ಒಂದು ಕೆಟ್ಟ ಗುಣವುಂಟು. ಬಲಿತ ಮೇಲೆ ಅದು ರೈತನ ಅನುಕೂಲಕ್ಕೆ ಕಾಯುವುದಿಲ್ಲ. ನೆಲ ಒಣಗಿ ಬಿರುಸಾದರೆ ಗಿಡ ಕೈಗೆ ಬರುತ್ತದೆ, ಕಾಯಿ ಮಣ್ಣಿನಲ್ಲಿಯೇ ಉಳಿಯುತ್ತದೆ. ಮಳೆ ಬಿದ್ದರೆ ಕಾಯಿ ನೆಲದೊಳಗೇ ಮೊಳಕೆಯೊಡೆಯುತ್ತದೆ. ಅಂದು ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು.

ಕಾಲಿಗೆ ಬೇಡಿ ಎಂದದ್ದು ಸುಳ್ಳಾಗಿರಲಿಲ್ಲ. ಹಗಲೆಲ್ಲ ಬಗ್ಗಿ ಗಿಡ ಕಿತ್ತ ಹುಡುಗ ಮೈದಾನಕ್ಕೆ ಬಂದರೆ ಕಾಲು ಹೇಗೆ ಎದ್ದೀತು? ಬಯ್ದವನಿಗೆ ಈಗ ಮಾತು ಹೊರಡಲಿಲ್ಲ.

ಮರುದಿನ ಭಾನುವಾರ. ಹೊತ್ತು ಮೂಡುವ ಮೊದಲೇ ಮೂವರೂ ಹೊಲದ ಬದುವಿನ ಮೇಲೆ ನಿಂತಿದ್ದರು.

“ಏನ್ರಪ್ಪಾ, ಎಲ್ಲಾರೂ ಬಂದೀರಿ?” ಎಂದು ಆ ತಂದೆ ಕೇಳಿದನು.

ನಾಯಕನಿಗೆ ಏನು ಹೇಳಬೇಕೋ ತೋಚಲಿಲ್ಲ. ಸಹಾಯ ಮಾಡಲು ಬಂದೆವೆಂದರೆ ಹಿರಿಯನ ಮರ್ಯಾದೆಗೆ ಕುಂದು. ಓಟಕ್ಕಾಗಿ ಬಂದೆವೆಂದರೆ ಮಕ್ಕಳಾಟವೆನಿಸೀತು. ತನ್ನ ಅವ್ವ ವರ್ಷ ವರ್ಷವೂ ಹೇಳುವ ಮಾತು ಸಮಯಕ್ಕೆ ನಾಲಿಗೆಗೆ ಬಂತು. “ಮುಯ್ಯಾಳಿಗೆ ಬಂದೀವಿ, ಕಾಕಾ,” ಎಂದನು.

ಮುಯ್ಯಾಳು ಎಂದರೇನೆಂಬುದನ್ನು ಪಟ್ಟಣದ ಓದುಗರಿಗೆ ವಿವರಿಸಬೇಕಾದೀತು. ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ಮಧ್ಯಾಹ್ನದ ಬುತ್ತಿ ಮಾತ್ರ ಹೊಲದವನದು. ಕೈಯಲ್ಲಿ ಕಾಸಿಲ್ಲದವರು ಒಬ್ಬರನ್ನೊಬ್ಬರು ಕೈಬಿಡದೆ ಬದುಕುವುದಕ್ಕೆ ಒಕ್ಕಲು ಮಕ್ಕಳು ಕಂಡುಕೊಂಡ ಏರ್ಪಾಟು ಇದು. ದಾನವಲ್ಲವಾದ್ದರಿಂದ ತೆಗೆದುಕೊಂಡವನು ತಲೆ ತಗ್ಗಿಸಬೇಕಾಗಿಲ್ಲ. ವ್ಯಾಪಾರವಲ್ಲವಾದ್ದರಿಂದ ಕೊಟ್ಟವನು ತೂಗಿ ನೋಡಬೇಕಾಗಿಲ್ಲ.

“ಮುಯ್ಯಾಳು” ಎಂಬ ಮಾತು ಕೇಳಿ ಆ ತಂದೆಯ ಮುಖ ಸಡಿಲಿತು. “ಹಂಗಾದ್ರ ಸಾಲು ಹಿಡೀರಿ,” ಎಂದನು.

ಹೊಲದಲ್ಲಿ ಲೋಕ ತಲೆಕೆಳಗಾಯಿತು. ತಾಲ್ಲೂಕಿಗೆ ಮೊದಲಿಗನಾದ ಓಟಗಾರ ಶೇಂಗಾದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದನು. ಗಿಡ ಎಲ್ಲಿ ಹಿಡಿಯಬೇಕು, ಎಷ್ಟು ಜಗ್ಗಬೇಕು, ಮಣ್ಣು ಹೇಗೆ ಕೊಡವಬೇಕು ಎಂಬುದೊಂದೂ ಅವನ ಕೈಗೆ ಹತ್ತಲಿಲ್ಲ. ಹತ್ತು ಗಂಟೆಗೆಲ್ಲ ಅಂಗೈಯಲ್ಲಿ ಬೊಬ್ಬೆ ಎದ್ದವು. ಮೂರನೆಯ ಹುಡುಗ ಸರಸರನೆ ತನ್ನ ಸಾಲು ಮುಗಿಸಿದನು. ಮುಗಿಸಿ ಬದುವಿನ ಮೇಲೆ ಕೂತು ನಗಬಹುದಾಗಿತ್ತು. ಮೊನ್ನೆಯ ಬೈಗುಳಕ್ಕೆ ಅದಕ್ಕಿಂತ ಒಳ್ಳೆಯ ಮುಯ್ಯಿ ಯಾವುದು? ಅವನು ಹಾಗೆ ಮಾಡಲಿಲ್ಲ. ನಾಯಕನ ಸಾಲಿನ ಆಚೆಯ ತುದಿಗೆ ಹೋಗಿ, ಅಲ್ಲಿಂದ ಕೀಳುತ್ತ ಎದುರಿಗೆ ಬಂದನು. ಸಾಲಿನ ನಡುವೆ ಇಬ್ಬರ ಕೈಗಳು ಕೊನೆಯ ಗಿಡದ ಮೇಲೆ ಒಟ್ಟಿಗೆ ಬಿದ್ದವು.

ಹೊಲದಲ್ಲಿ ಯಾರೂ ಇದನ್ನು ದೊಡ್ಡ ಗುಣವೆಂದು ಎಣಿಸುವುದಿಲ್ಲ. ಹಿಂದೆ ಬಿದ್ದವನ ಸಾಲನ್ನು ಮುಂದಿದ್ದವನು ಎದುರಿನಿಂದ ಹಿಡಿಯುವುದು ಅಲ್ಲಿಯ ವಾಡಿಕೆ. ಆದರೆ ನಾಯಕನಿಗೆ ಆ ಹೊತ್ತು ಮೈದಾನದ ಮೇಲಿನ ತನ್ನ ಗುರುತು ನೆನಪಾಯಿತು. ಇಪ್ಪತ್ತು ಅಡಿ! ತಾನು ಎಷ್ಟು ವೇಗವಾಗಿ ಓಡಬಲ್ಲೆನೆಂದು ಅಳೆದು ಹಾಕಿದ ಗುರುತು ಅದು. ಬರುವವನ ಕಾಲನ್ನು ಅವನು ಅಳೆದೇ ಇರಲಿಲ್ಲ.

ಸೋಮವಾರದ ಸಂಜೆ ಮೈದಾನದಲ್ಲಿ ನಾಯಕ ತನ್ನ ಗುರುತನ್ನು ಅಳಿಸಿ, ಹದಿನಾರು ಅಡಿಗೆ ಹೊಸ ಗುರುತು ಹಾಕಿದನು. ಮೇಷ್ಟ್ರು ನೋಡಿಯೂ ನೋಡದಂತೆ ಸೀಟಿ ಊದಿದರು. ಕೋಲು ಗೆರೆಯ ಒಳಗೇ ಕೈ ಸೇರಿತು.

ನಾಯಕತ್ವ ಎಂಬುದನ್ನು ಕುರಿತು ಭಾಷಣಗಳಲ್ಲಿ ಬೇಕಾದಷ್ಟು ಕೇಳಿಬರುತ್ತದೆ. ಮುಂದೆ ನಿಲ್ಲುವವನು, ಎತ್ತರದಲ್ಲಿರುವವನು ನಾಯಕನೆಂಬ ಭಾವನೆ ಸಾಮಾನ್ಯ. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಕಂಡವರಿಗೆ ಬೇರೊಂದು ಮಾತು ಹೊಳೆದೀತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರವಾದ ಬಿಲ್ಲನ್ನೇರಿ, “ಸದ್ದಲೇ” ಎಂದು ಕೂಗುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಮಾತು ನುಡಿದು ಅವನು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಎಲ್ಲರ ಕಣ್ಣೂ ಮೇಲೇರಿದವನ ಮೇಲೆ. ಆದರೆ ಅವನು ಧೈರ್ಯವಾಗಿ ಏರುವುದು ಕೆಳಗೆ ಹಿಡಿಯುವ ಕೈಗಳಿವೆ ಎಂಬ ನಂಬಿಕೆಯಿಂದ. ಆ ಕೈಗಳನ್ನು ಮರೆತವನು ಏರಬಹುದು; ಇಳಿಯುವಾಗ ಅವನ ಗತಿಯೇನು?

ವಿಜಯನಗರ ಜಿಲ್ಲೆ 2021ರಲ್ಲಿ ಬೇರೆಯಾದಾಗ ಅದಕ್ಕೆ ಆರು ತಾಲ್ಲೂಕುಗಳು ಬಂದವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದರೊಂದಿಗೆ ಹೊಸಪೇಟೆ ಆರನೆಯದು. ಜಿಲ್ಲಾ ಕೂಟದ ದಿನ ಹೊಸಪೇಟೆಯಲ್ಲಿ ಆರು ಪಟ್ಟೆಗಳಲ್ಲಿ ಆರು ತಂಡಗಳು ನಿಂತವು. ಕೆಲವರ ಕಾಲಿನಲ್ಲಿ ಮೊಳೆಬೂಟು, ಕೆಲವರು ಬರಿಗಾಲು. ಆ ತಾಲ್ಲೂಕು ಕೂಟದ ಎರಡನೆಯವನು, ಮೊಳೆಬೂಟಿನ ಹುಡುಗ, 400 ಮೀಟರಿಗಾಗಿ ಬಂದಿದ್ದವನು, ಹಗ್ಗದ ಆಚೆ ನಿಂತು ಇವರ ತಂಡದ ಹೆಸರು ಕೂಗುತ್ತಿದ್ದನು.

ಓಟದ ವಿವರ ಒಂದು ನಿಮಿಷಕ್ಕಿಂತ ಕಡಿಮೆಯದು. ಮೊದಲನೆಯವನು ಚೆನ್ನಾಗಿ ಎದ್ದನು. ಎರಡನೆಯವನು ಸ್ಥಾನ ಬಿಟ್ಟುಕೊಡಲಿಲ್ಲ. ತಿರುವಿನಲ್ಲಿ ಮೂರನೆಯವನು, ಶೇಂಗಾ ಹೊಲದ ಹುಡುಗ, ಹಲ್ಲು ಕಚ್ಚಿ ಬಂದನು. ಅವನು ಹದಿನಾರು ಅಡಿಯ ಗುರುತನ್ನು ಮುಟ್ಟುತ್ತಲೂ ನಾಯಕ ಮುಖ ತಿರುಗಿಸಿ ಓಡತೊಡಗಿದನು. ಕರೆ ಕೇಳಿಸಿತು, ಕೈ ಹಿಂದಕ್ಕೆ ಹೋಯಿತು, ನೋಡಲಿಲ್ಲ. ಬೊಬ್ಬೆ ಒಡೆದು ಇನ್ನೂ ಸರಿಯಾಗಿ ಮಾಯದ ಅಂಗೈಗೆ ಕೋಲು ಬಂದು ಬಡಿಯಿತು. ನೋವಾಯಿತು, ಅಷ್ಟು ಹಿತವಾದ ನೋವನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಅವರು ಎರಡನೆಯವರಾದರು. ಗೆದ್ದ ತಂಡಕ್ಕೂ ಇವರಿಗೂ ಇದ್ದ ಅಂತರ ಒಂದು ಮಾರಿನಷ್ಟು. ರಿಲೇಯಲ್ಲಿ ವಿಭಾಗಕ್ಕೆ ಹೋಗುವುದು ಮೊದಲ ತಂಡ ಮಾತ್ರ. ಗುರುತು ಇಪ್ಪತ್ತು ಅಡಿಗೇ ಇದ್ದಿದ್ದರೆ ಗೆಲ್ಲುತ್ತಿದ್ದರೋ, ಇಲ್ಲ ಕೋಲು ಗೆರೆ ದಾಟಿ ಬರಿಗೈಯಾಗುತ್ತಿದ್ದರೋ, ಹೇಳುವವರಾರು? ಮೂರನೆಯ ಹುಡುಗ ಹುಲ್ಲಿನ ಮೇಲೆ ಮುಖ ಮುಚ್ಚಿ ಕೂತು, “ನನ್ನಿಂದಲೇ ಆತು,” ಎಂದನು. ನಾಯಕ ಅವನ ಪಕ್ಕದಲ್ಲಿ ಕೂತನು. ಎಂಟನೆಯ ತರಗತಿಯ ಸೋಲಿನ ದಿನ ತಾನು ಒಬ್ಬನೇ ಮೂರು ಮೈಲಿ ನಡೆದದ್ದು ಅವನಿಗೆ ನೆನಪಿತ್ತು. ಈ ಸಲ ಸೋಲನ್ನು ನಾಲ್ವರು ಹೊತ್ತಿದ್ದರು; ಅದಕ್ಕೇ ಏನೋ, ಅದು ಹಗುರವಾಗಿತ್ತು. ಬಸ್ಸಿನಲ್ಲಿ ಮೇಷ್ಟ್ರು ತಮ್ಮ ಖರ್ಚಿನಿಂದ ಮಂಡಕ್ಕಿ, ಮಿರ್ಚಿ ಕೊಡಿಸಿದರು. ಖಾರಕ್ಕೆ ಎಲ್ಲರ ಕಣ್ಣಲ್ಲಿಯೂ ನೀರು ಬಂದದ್ದರಿಂದ ಯಾರ ನೀರು ಯಾವುದರದೆಂದು ತಿಳಿಯಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಬರಿಯ ಓಟದ ಕಥೆಯಾಗುತ್ತಿತ್ತು. ನಿಜವಾದ ಪಂದ್ಯ ಬಂದದ್ದು ಸುಗ್ಗಿ ತೀರಿದ ಮೇಲೆ. ಕೂಡ್ಲಿಗಿ, ಹರಪನಹಳ್ಳಿಯ ಕಡೆ ಮಳೆಗಾಲದ ಬೆಳೆ ಕೈಗೆ ಬಂದ ಬಳಿಕ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳೆಲ್ಲ ಮಲೆನಾಡಿನ ಕಾಫಿ ತೋಟಗಳಿಗೋ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತಾರೆ. ಆ ವರ್ಷ ಮೂರನೆಯ ಹುಡುಗನ ಮನೆಯವರೂ ಗಂಟು ಕಟ್ಟಿದರು. ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ನಾಲ್ಕು ತಿಂಗಳಿರುವಾಗ ಕಾಫಿ ತೋಟಕ್ಕೆ ಹೋದ ಹುಡುಗ ಮರಳಿ ಬಂದು ಪರೀಕ್ಷೆಗೆ ಕೂಡುವುದು ಅಪರೂಪ. ಅವನ ಕೋಲು ಅಲ್ಲಿಯೇ ಬಿದ್ದುಹೋಗುತ್ತದೆ; ಎತ್ತಿಕೊಡುವವರಿರುವುದಿಲ್ಲ.

ಈ ಸಲ ನಾಯಕ ಮೇಷ್ಟ್ರನ್ನು ಕೇಳಲು ಹೋಗಲಿಲ್ಲ; ಅವ್ವನನ್ನು ಕೇಳಿದನು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಮನೆಯ ಜೋಳದ ಚೀಲ ಎಷ್ಟು ಉಳಿದಿದೆಯೆಂಬುದು ಅವಳಿಗೆ ಗೊತ್ತು, ಮಗನಿಗೆ ಗೊತ್ತಿಲ್ಲ. ಕೊನೆಗೆ, “ಅವನೂ ನಿನ್ನಷ್ಟೇ ತಿಂತಾನೇನೋ?” ಎಂದಳು. “ಇಲ್ಲವ್ವಾ, ಎರಡು ಕಡಿಮೆ,” ಎಂದು ಮಗ ಸುಳ್ಳು ಹೇಳಿದನು. ಸುಳ್ಳೆಂದು ಅವಳಿಗೆ ಗೊತ್ತಾಯಿತು. ಮರುದಿನ ಆ ಹುಡುಗನ ಪುಸ್ತಕದ ಚೀಲವೂ ಒಂದು ಕಂಬಳಿಯೂ ಇವರ ಪಡಸಾಲೆಯ ಮೂಲೆಗೆ ಬಂದವು. ಹೊರಡುವಾಗ ಅವನ ಅಪ್ಪ ಬಾಗಿಲಲ್ಲಿ ನಿಂತು ಏನನ್ನೋ ಹೇಳಲು ಹೋಗಿ ಹೇಳಲಾರದೆ, ಅರ್ಧ ಚೀಲ ಶೇಂಗಾ ಇಳಿಸಿದನು. ಅವ್ವ ಬೇಡವೆನ್ನಲಿಲ್ಲ. “ಮುಯ್ಯಿ ಇದ್ದದ್ದೇ, ಅಣ್ಣಾ. ಹೋಗಿ ಬರ್ರಿ,” ಎಂದಳು.

ಮಾರ್ಚಿ ತಿಂಗಳಲ್ಲಿ ಇಬ್ಬರೂ ಪರೀಕ್ಷೆಗೆ ಕೂತರು. ಎಷ್ಟೆಷ್ಟು ಅಂಕ ಬಂದವೆಂಬುದು ಮುಖ್ಯವಲ್ಲ; ಕೂತರು ಎಂಬುದು ಮುಖ್ಯ.

ಈಗಲೂ ಬೆಳಗಿನ ಐದು ಗಂಟೆಗೆ ಆ ದಾರಿಯಲ್ಲಿ ಓಡುವವರುಂಟು. ನಾಯಕನಾಗಿದ್ದವನು ಈಗ ಮುಂದಿನ ಗುಂಪಿನಲ್ಲಿದ್ದಾನೆ. ಆರೂವರೆ ನಿಮಿಷದ ಲೆಕ್ಕ ಅವನಿಗೂ ಹತ್ತಿದೆ. ಹಿಂದೆ ನೂರು ಗಜ ಬಿಟ್ಟು ಅವನ ತಂಗಿ ಓಡುತ್ತಾಳೆ, ಎಂಟನೆಯ ತರಗತಿಯವಳು. ಜೊತೆಗೆ ಅವಳ ಮೂವರು ಗೆಳತಿಯರು. ಹೆಣ್ಣುಮಕ್ಕಳು ನಸುಕಿನಲ್ಲಿ ರಸ್ತೆಗೆ ಇಳಿಯುವುದೇನೆಂದು ಊರಲ್ಲಿ ಒಂದೆರಡು ಬಾಯಿ ಆಡಿಕೊಂಡವು. ನಾಲ್ವರು ಒಟ್ಟಿಗೆ ಓಡುವುದನ್ನು ಕಂಡು, ಆಡುವ ಬಾಯಿ ತಾನಾಗಿ ಮುಚ್ಚಿತು. ಒಬ್ಬಳನ್ನು ತಡೆಯಬಹುದು, ನಾಲ್ವರನ್ನು ತಡೆಯುವುದು ಕಷ್ಟ.

ಒಂದು ಸಂಜೆ ತಂಗಿ ಮೈದಾನದಲ್ಲಿ ಪಾದಕ್ಕೆ ಪಾದ ಜೋಡಿಸಿ ಗುರುತು ಅಳೆಯುತ್ತಿದ್ದಳು. ಹತ್ತೊಂಬತ್ತು, ಇಪ್ಪತ್ತು. ಅಣ್ಣ ನೋಡುತ್ತ ನಿಂತಿದ್ದವನು, “ನಿನಗೆ ಕೋಲು ತರುವವಳು ಯಾರು?” ಎಂದು ಕೇಳಿದನು. ತಂಗಿ ದೂರದಲ್ಲಿ ಬೇವಿನ ಮರದ ಕೆಳಗೆ ಕೂತಿದ್ದ ಸಣಕಲು ಹುಡುಗಿಯೊಬ್ಬಳನ್ನು ತೋರಿಸಿದಳು.

“ಮೊದಲು ಅವಳನ್ನು ಒಂದು ಸಲ ಓಡಿಸಿ ನೋಡು. ಆಮೇಲೆ ಅಳೆ,” ಎಂದನು ಅಣ್ಣ.